ಗಂಟಲು ಬೇನೆ ಕಿವಿಗೇರಿದಾಗ

ಮಾಗಿಯ ಚಳಿ ಶುರುವಾಯಿತೆಂದರೆ ನಮ್ಮ ಹೆಡತಲೆ ಕಡೆಯ ಮನೆಗಳಲ್ಲಿ ಮಕ್ಕಳಿಗೆ ನೆಗಡಿ, ಗಂಟಲು ನೋವು, ಕೆಮ್ಮು ತಪ್ಪಿದ್ದಲ್ಲ. ಮೂರು ದಿನ ಕಳೆದು ಜ್ವರ ಇಳಿಯಿತು ಎನ್ನುವಷ್ಟರಲ್ಲಿ ಒಂದು ರಾತ್ರಿ ಮಗು ಕಿವಿ ಹಿಡಿದುಕೊಂಡು ಅಳತೊಡಗುತ್ತದೆ. ಬೆಳಗ್ಗೆ ನೋಡಿದರೆ ದಿಂಬಿನ ಮೇಲೆ ಕೀವಿನ ಕಲೆ, ಮಗು ಮಾತ್ರ ಆಡಿಕೊಂಡಿದೆ. "ಸೋರಿ ಹೋಯ್ತಲ್ಲ, ಇನ್ನೇನೂ ಇಲ್ಲ ಬಿಡಿ" ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಆ ಒಂದು ಮಾತಿನ ಬಗ್ಗೆ. ಹೀಗೆ ಕೀವು ಬಂದು ನೋವು ಥಟ್ಟನೆ ನಿಂತರೆ, ಕಾಯಿಲೆ ವಾಸಿಯಾಯಿತು ಎಂದಲ್ಲ. ಸಾಮಾನ್ಯವಾಗಿ ಕಿವಿತಮಟೆ ಒಡೆದಿದೆ ಎಂದು ಅರ್ಥ.

ಗಂಟಲಿಗೂ ಕಿವಿಗೂ ಇರುವ ದಾರಿ

ಮೂಗಿನ ಹಿಂಭಾಗ ಗಂಟಲನ್ನು ಸೇರುವ ಜಾಗದಿಂದ ಕಿವಿತಮಟೆಯ ಒಳಬದಿಗೆ ಒಂದು ಸಣ್ಣ ನಾಳವಿದೆ. ವೈದ್ಯರು ಇದನ್ನು ಯುಸ್ಟೇಶಿಯನ್ ನಾಳ ಎನ್ನುತ್ತಾರೆ. ನಾವು ನುಂಗುವಾಗ, ಆಕಳಿಸುವಾಗ ಇದು ತೆರೆದುಕೊಂಡು ಕಿವಿಯೊಳಗೆ ಗಾಳಿ ಬಿಡುತ್ತದೆ. ಘಾಟಿ ಹತ್ತುವಾಗ ಮುಚ್ಚಿಕೊಂಡ ಕಿವಿ ಎಂಜಲು ನುಂಗಿದರೆ ತೆರೆದುಕೊಳ್ಳುವುದು ಇದರಿಂದಲೇ. ದೊಡ್ಡವರಲ್ಲಿ ಈ ನಾಳ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದವಿದ್ದು ಇಳಿಜಾರಾಗಿರುತ್ತದೆ. ಹಸುಗೂಸಿನಲ್ಲಿ ಉದ್ದ ಅದರ ಅರ್ಧದಷ್ಟು, ಇಳಿಜಾರೂ ಕಡಿಮೆ. ಹೀಗಾಗಿ ಗಂಟಲಿನ ಸೋಂಕು ಕಿವಿಗೇರುವುದು ಮಕ್ಕಳಲ್ಲಿ ಸುಲಭ.

ನೆಗಡಿಯಾದಾಗ ನಾಳದ ಬಾಯಿ ಊದಿಕೊಂಡು ಮುಚ್ಚಿಹೋಗುತ್ತದೆ. ಮೂಗಿನ ಹಿಂದೆ ಇರುವ ಅಡಿನಾಯ್ಡ್ ಗಡ್ಡೆ ದಪ್ಪವಾದರೂ ಹೀಗೇ ಆಗುತ್ತದೆ. ಒಳಗೆ ನೀರು ನಿಂತು, ಕೀವಾಗಿ, ಒತ್ತಡ ಹೆಚ್ಚಿ ತಮಟೆ ಒಡೆಯುತ್ತದೆ. ಒತ್ತಡ ಇಳಿದದ್ದರಿಂದ ನೋವು ನಿಲ್ಲುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಇಂಥ ತೂತು ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ನಿರ್ಲಕ್ಷಿಸಿದರೆ ಹಾಗೇ ಉಳಿದು, ಪ್ರತಿ ನೆಗಡಿಗೂ ಕಿವಿ ಸೋರತೊಡಗುತ್ತದೆ.

ಇನ್ನೊಂದು ಮಾತು. ಟಾನ್ಸಿಲ್ ಬಾತಾಗ ಕಿವಿಯಲ್ಲಿ ಏನೂ ಇಲ್ಲದಿದ್ದರೂ ಕಿವಿ ನೋಯಬಹುದು, ಏಕೆಂದರೆ ಎರಡಕ್ಕೂ ಸಂಬಂಧಿಸಿದ ನರವೊಂದಿದೆ. ಯಾವುದು ಯಾವುದೆಂದು ಹೇಳಲು ವೈದ್ಯರು ಕಿವಿಯೊಳಗೆ ದೀಪ ಹಾಕಿ ನೋಡಲೇಬೇಕು.

ಕೇಳದ ಮಗು, ಬೈಸಿಕೊಳ್ಳುವ ಮಗು

ಸೋರುವ ಕಿವಿ ನಿಧಾನವಾಗಿ ಮಂದವಾಗುತ್ತದೆ. ಮಗು ಅದನ್ನು ಹೇಳಿಕೊಳ್ಳುವುದಿಲ್ಲ, ಅದಕ್ಕೆ ತಿಳಿಯುವುದೂ ಇಲ್ಲ. ಕರೆದರೆ ತಿರುಗುವುದಿಲ್ಲ, ಟಿವಿ ಜೋರು ಮಾಡುತ್ತದೆ, ಎರಡೆರಡು ಸಲ "ಹಾಂ?" ಎನ್ನುತ್ತದೆ. ಶಾಲೆಯಲ್ಲಿ ಮೇಷ್ಟ್ರು "ಗಮನ ಇಲ್ಲ" ಎನ್ನುತ್ತಾರೆ. ಮದರಸಾದಲ್ಲಿ ಹಜ್ರತ್ ಹೇಳಿಕೊಟ್ಟ ಸೀನ್, ಸ್ವಾದ್ ಅಕ್ಷರಗಳ ವ್ಯತ್ಯಾಸ ಅದರ ಕಿವಿಗೆ ಬೀಳುವುದೇ ಇಲ್ಲ. ತಾನು ಮಾಡದ ತಪ್ಪಿಗೆ ಮಗು ಬೈಸಿಕೊಳ್ಳುತ್ತದೆ. ಸಣ್ಣ ಮಕ್ಕಳಲ್ಲಿ ಮಾತು ಕಲಿಯುವುದೇ ತಡವಾಗಬಹುದು. ಆದ್ದರಿಂದ ಪೋಷಕರಲ್ಲೂ ಶಿಕ್ಷಕರಲ್ಲೂ ನಮ್ಮ ಕೋರಿಕೆ ಇಷ್ಟೇ: ಗದರುವ ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ.

ತಡ ಮಾಡಬಾರದ ಲಕ್ಷಣಗಳು

ಸೋಂಕು ಕಿವಿಯಲ್ಲೇ ನಿಲ್ಲದೆ ಪಕ್ಕಕ್ಕೂ ಹಬ್ಬಬಹುದು. ಕಿವಿಯ ಹಿಂದಿನ ಮೂಳೆ ಕೆಂಪಾಗಿ ಊದಿ ಕಿವಿ ಮುಂದಕ್ಕೆ ಚಾಚಿಕೊಂಡರೆ, ಮುಖ ಒಂದು ಕಡೆ ಸೊಟ್ಟಗಾದರೆ, ಜ್ವರದ ಜೊತೆ ವಾಂತಿ, ಮಂಪರು, ಕತ್ತು ಬಗ್ಗಿಸಲಾಗದ ಬಿಗಿತ ಕಂಡರೆ ಸೋಂಕು ಮೆದುಳಿನತ್ತ ಸಾಗಿರಬಹುದು. ಟಾನ್ಸಿಲ್ ಪಕ್ಕದಲ್ಲಿ ಕೀವುಗಟ್ಟಿದರೆ ಬಾಯಿ ತೆರೆಯಲಾಗದು, ಎಂಜಲು ನುಂಗಲಾಗದು. ಇವು ಬೆಳಗಾಗುವವರೆಗೆ ಕಾಯುವಂಥವಲ್ಲ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾಡಬೇಕಾದದ್ದು, ಮಾಡಬಾರದ್ದು

ಬಿಸಿ ಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಎದೆಹಾಲು ಯಾವುದನ್ನೂ ಕಿವಿಗೆ ಬಿಡಬೇಡಿ. ಒಡೆದ ತಮಟೆಯ ಮೂಲಕ ಅದು ನೇರ ಒಳಗೆ ಹೋಗುತ್ತದೆ. ಬೆಂಕಿಕಡ್ಡಿ, ಪಿನ್ನು, ಕೋಳಿಪುಕ್ಕ ಹಾಕಬೇಡಿ. ಸೋರುವ ಕಿವಿಯ ಹೊರಬಾಯನ್ನು ಶುಭ್ರ ಬಟ್ಟೆಯಿಂದ ಒರೆಸಿದರೆ ಸಾಕು. ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿ ಇಟ್ಟು, ಆಮೇಲೆ ತೆಗೆದುಬಿಡಿ. ಕಿವಿ ವಾಸಿಯಾಗುವವರೆಗೆ ಕಪಿಲೆಯಲ್ಲಾಗಲಿ ನಾಲೆಯಲ್ಲಾಗಲಿ ಈಜು ಬೇಡ. ವುಝೂ ಮಾಡುವಾಗ ಒದ್ದೆ ಬೆರಳಿನಿಂದ ಕಿವಿ ಸವರುತ್ತೇವೆಯೇ ಹೊರತು ಒಳಗೆ ನೀರು ಸುರಿಯುವುದಿಲ್ಲ. ಗುಸ್ಲ್ ಬಗ್ಗೆ ಸಂದೇಹವಿದ್ದರೆ ಇಮಾಮರನ್ನು ಕೇಳಿ, ನೀರಿನಿಂದ ಹಾನಿಯಾಗುವವರಿಗೆ ಶರೀಅತ್‌ನಲ್ಲಿ ವಿನಾಯಿತಿ ಇದೆ.

ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡಬೇಡಿ. ವೈದ್ಯರೇ ಬರೆದುಕೊಟ್ಟರೆ ಮಾತ್ರ ಜ್ವರ ಇಳಿದರೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಗಂಟಲು ಸೋಂಕನ್ನು ಅರ್ಧಕ್ಕೆ ಬಿಟ್ಟರೆ ಕೆಲವು ವಾರಗಳ ಬಳಿಕ ಕೀಲುನೋವಿನ ಜ್ವರ ಬಂದು ಹೃದಯದ ಕವಾಟಗಳಿಗೂ ಪೆಟ್ಟಾಗಬಹುದು.

ಹಸುಗೂಸಿಗೆ ಮಲಗಿಸಿ ಬಾಟಲಿ ಹಾಲು ಕೊಡಬೇಡಿ, ತಲೆ ಎತ್ತರದಲ್ಲಿರಲಿ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಮನೆಯೊಳಗೆ ಬೀಡಿ, ಸಿಗರೇಟು, ಒಲೆಯ ಹೊಗೆ ಕಡಿಮೆಯಾದಷ್ಟೂ ಮಕ್ಕಳ ಕಿವಿಗೆ ಒಳ್ಳೆಯದು. ಅಂಗನವಾಡಿಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಲಸಿಕೆಗಳನ್ನು ತಪ್ಪಿಸಬೇಡಿ.

ಎಲ್ಲಿಗೆ ಹೋಗುವುದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ಮುಂದಕ್ಕೆ ನಂಜನಗೂಡು ಅಥವಾ ತಿ. ನರಸೀಪುರದ ಸರ್ಕಾರಿ ಆಸ್ಪತ್ರೆ, ಅಗತ್ಯ ಬಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಎರಡು ವಾರ ಮೀರಿ ಕಿವಿ ಸೋರಿದರೆ, ಅಥವಾ ಕೇಳುವುದು ಮಂದವಾಗಿದೆ ಎನಿಸಿದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ನಾನಾ ಕಡೆಯಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ನಮಗೆ ಬಸ್ಸಿನ ದಾರಿಯಲ್ಲೇ ಇದೆ. ಶ್ರವಣ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ.

ಕಿವಿ, ಕಣ್ಣು, ಹೃದಯಗಳ ಲೆಕ್ಕ ಕೊಡಬೇಕಾಗಿದೆ ಎಂದು ಪವಿತ್ರ ಕುರ್‌ಆನ್ ನೆನಪಿಸುತ್ತದೆ. ಕಾಯಿಲೆಗೆ ಮದ್ದು ಮಾಡಿಸಿಕೊಳ್ಳುವಂತೆ ಪ್ರವಾದಿ(ಸ)ಯವರು ಹೇಳಿದ್ದಾರೆ. ನಮ್ಮ ಮಕ್ಕಳ ಶ್ರವಣ ನಮ್ಮ ಕೈಗಿತ್ತ ಅಮಾನತ್. ದಿಂಬಿನ ಮೇಲೆ ಕಲೆ ಕಂಡ ದಿನವೇ ಮಗುವನ್ನು ವೈದ್ಯರ ಬಳಿ ಕರೆದೊಯ್ದರೆ ಆ ಅಮಾನತ್ ಉಳಿದೀತು. ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ. ಆಮೀನ್.