ಮೈನಸ್ ಪವರ್ ಇರುವವರಿಗೆ ದಿಢೀರ್ ಮೆಳ್ಳೆಗಣ್ಣು: ಆಪರೇಷನ್‌ನಲ್ಲಿ ಕಣ್ಣುಗುಡ್ಡೆ ಹೊರತೆಗೆಯುತ್ತಾರಾ?

'ಮೆಳ್ಳೆಗಣ್ಣು ಅದೃಷ್ಟ, ಅದನ್ನು ಸರಿ ಮಾಡಿಸಬಾರದು.' 'ಆಪರೇಷನ್‌ನಲ್ಲಿ ಕಣ್ಣುಗುಡ್ಡೆ ಹೊರತೆಗೆದು ಮತ್ತೆ ಕೂರಿಸುತ್ತಾರೆ.' 'ಫೋನ್ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ.' ಇವುಗಳಲ್ಲಿ ಒಂದನ್ನಾದರೂ ನೀವು ಕೇಳಿರುತ್ತೀರಿ. ಮೊದಲೆರಡು ಪೂರ್ತಿ ಸುಳ್ಳು, ಮೂರನೆಯದು ಅರ್ಧ ಸತ್ಯ. ಇವನ್ನು ನಂಬಿ ಸುಮ್ಮನೆ ಕುಳಿತರೆ ಅಪಾಯವಿದೆ. ಏಕೆಂದು ನೋಡೋಣ.

ಏನಿದು ಸಮಸ್ಯೆ?

ತೀರಾ ಎಳವೆಯಲ್ಲಿ ಕಣ್ಣು ಓರೆಯಾದರೆ, ಮಗುವಿನ ಮೆದುಳು ಆ ಕಣ್ಣಿನ ಚಿತ್ರವನ್ನು ಕಡೆಗಣಿಸಲು ಕಲಿಯುತ್ತದೆ. ಆದರೆ ಅಲ್ಲಿಯವರೆಗೆ ನೆಟ್ಟಗಿದ್ದ ಕಣ್ಣು ಹದಿಹರೆಯದಲ್ಲೋ ಆಮೇಲೋ ದಿಢೀರನೆ ಮೂಗಿನ ಕಡೆ ವಾಲಿದರೆ ಮೆದುಳಿಗೆ ಆ ಅಭ್ಯಾಸ ಇರುವುದಿಲ್ಲ. ಎದುರು ಬರುವ ಒಂದೇ ಬಸ್ಸು ಎರಡಾಗಿ ಕಾಣುತ್ತದೆ. ಮೈನಸ್ ಪವರ್ ಇರುವವರಲ್ಲಿ ಸಾಮಾನ್ಯವಾಗಿ ದೂರದ್ದು ಮೊದಲು ಎರಡಾಗುತ್ತದೆ, ಕೈಯಲ್ಲಿರುವ ಫೋನ್ ಸರಿಯಾಗಿಯೇ ಕಾಣುತ್ತಿರುತ್ತದೆ. ಹಾಗಾಗಿ ಎಷ್ಟೋ ಜನ ಇದನ್ನು ಕಣ್ಣಿನ ಆಯಾಸ ಅಂದುಕೊಳ್ಳುತ್ತಾರೆ. ಯಾವುದಾದರೂ ಒಂದು ಕಣ್ಣು ಮುಚ್ಚಿದೊಡನೆ ಎರಡು ಹೋಗಿ ಒಂದೇ ಕಂಡರೆ, ತೊಂದರೆ ಇರುವುದು ಎರಡೂ ಕಣ್ಣುಗಳ ಹೊಂದಾಣಿಕೆಯಲ್ಲಿ.

ಇದಕ್ಕೆ ಫೋನ್ ಕಾರಣವೇ?

ಸಮೀಪದೃಷ್ಟಿ ಇರುವವರಲ್ಲಿ ಹೀಗಾಗುವುದನ್ನು ಜರ್ಮನಿಯ ನೇತ್ರವೈದ್ಯ ಆಲ್ಫ್ರೆಡ್ ಬೀಲ್ಶೋವ್ಸ್ಕಿ 1922ರಲ್ಲೇ ವಿವರಿಸಿದ್ದರು. ಆಗ ಮೊಬೈಲ್ ಇರಲಿಲ್ಲ. ಆದರೂ ಫೋನ್‌ನ ಪಾತ್ರ ತಳ್ಳಿಹಾಕುವಂತಿಲ್ಲ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಮೂಗಿನತ್ತ ತಿರುಗಬೇಕು. ಮೈನಸ್ 5 ಪವರ್ ಇರುವವರಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 20 ಸೆಂಟಿಮೀಟರ್ ದೂರದವರೆಗೆ. ರಾತ್ರಿ ಕನ್ನಡಕ ತೆಗೆದಿಟ್ಟು, ಫೋನನ್ನು ಮುಖಕ್ಕೆ ಹಿಡಿದು ಗಂಟೆಗಟ್ಟಲೆ ನೋಡಿದರೆ ಒಳಬದಿಯ ಸ್ನಾಯುಗಳು ಬಿಗಿದೇ ಇರುತ್ತವೆ.

ದಕ್ಷಿಣ ಕೊರಿಯಾದ ವೈದ್ಯರು 2016ರಲ್ಲಿ ಇಂಥ 12 ಮಕ್ಕಳ ಬಗ್ಗೆ ವರದಿ ಮಾಡಿದರು. 7ರಿಂದ 16 ವರ್ಷದ ಅವರೆಲ್ಲ ದಿನಕ್ಕೆ 4 ಗಂಟೆಗೂ ಹೆಚ್ಚು ಹೊತ್ತು ಸ್ಮಾರ್ಟ್‌ಫೋನ್ ನೋಡುತ್ತಿದ್ದರು. ಫೋನ್ ಬಿಡಿಸಿದಾಗ ವಾಲುವಿಕೆ ಕಡಿಮೆಯಾಯಿತು, ಆದರೂ ಕೆಲವರಿಗೆ ಆಪರೇಷನ್ ಬೇಕಾಯಿತು. ಕೇವಲ 12 ಮಕ್ಕಳನ್ನು ನೋಡಿ ಫೋನೇ ಕಾರಣ ಎಂದು ತೀರ್ಪು ಕೊಡಲಾಗದು. ಆದರೆ ಫೋನ್ ಬಿಟ್ಟರೆ ಸಾಕು ಎನ್ನುವುದು ಎಲ್ಲರಿಗೂ ಅನ್ವಯಿಸದು ಎಂಬುದಂತೂ ಸ್ಪಷ್ಟ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಕಣ್ಣುಗುಡ್ಡೆಯನ್ನು ಹೊರತೆಗೆಯುವುದೇ ಇಲ್ಲ. ಪ್ರತಿ ಕಣ್ಣನ್ನು ತಿರುಗಿಸಲು ಹೊರಮೈಗೆ ಅಂಟಿಕೊಂಡ ಆರು ಸ್ನಾಯುಗಳಿವೆ. ಕಣ್ಣಿನ ಬಿಳಿ ಭಾಗದ ಮೇಲಿನ ತೆಳು ಪೊರೆಯನ್ನು ಸ್ವಲ್ಪ ಬಿಡಿಸಿ, ಮೂಗಿನ ಬದಿಯ ಸ್ನಾಯುವನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ಹೊಲಿಯುತ್ತಾರೆ. ಅದರ ಎಳೆತ ಸಡಿಲವಾಗುತ್ತದೆ. ಬೇಕಾದರೆ ಹೊರಬದಿಯ ಸ್ನಾಯುವನ್ನು ಮೊಟಕುಗೊಳಿಸಿ ಬಿಗಿ ಮಾಡುತ್ತಾರೆ. ಎಷ್ಟು ಸರಿಸಬೇಕೆಂಬುದನ್ನು ಮೊದಲೇ ಪ್ರಿಸಂ ಗಾಜುಗಳಿಂದ ಅಳೆದಿರುತ್ತಾರೆ.

ಅದಕ್ಕೂ ಮುನ್ನ ಸರಿಯಾದ ಪವರ್‌ನ ಕನ್ನಡಕ ಕೊಟ್ಟು, ಹತ್ತಿರದ ಕೆಲಸ ಕಡಿಮೆ ಮಾಡಿಸಿ, ವಾಲುವಿಕೆ ಸ್ಥಿರವಾಗಿದೆಯೇ ಎಂದು ಸಾಮಾನ್ಯವಾಗಿ ಕೆಲವು ತಿಂಗಳು ನೋಡುತ್ತಾರೆ. ಅಷ್ಟರವರೆಗೆ ಪ್ರಿಸಂ ಕನ್ನಡಕ ನೆರವಾಗಬಹುದು. ಕೆಲವರಿಗೆ ಬೊಟುಲಿನಂ ಇಂಜೆಕ್ಷನ್ ಕೂಡ ಕೊಡುತ್ತಾರೆ.

ಇವರ ಎರಡೂ ಕಣ್ಣು ಒಟ್ಟಾಗಿ ನೋಡುವುದನ್ನು ಮೊದಲೇ ಕಲಿತಿರುವುದರಿಂದ, ನೆಟ್ಟಗಾದ ಮೇಲೆ ಮತ್ತೆ ಒಂದೇ ಚಿತ್ರ ಕಾಣುವ ಸಾಧ್ಯತೆ ಚೆನ್ನಾಗಿದೆ. ಹಾಗೆಂದು ಇದು ಮಂತ್ರದಂಡವಲ್ಲ. ಕೆಲವು ವಾರ ಕಣ್ಣು ಕೆಂಪಾಗಿರಬಹುದು, ವಾಲುವಿಕೆ ಸ್ವಲ್ಪ ಉಳಿಯಬಹುದು ಅಥವಾ ಮರುಕಳಿಸಬಹುದು, ಕೆಲವರಿಗೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಮೈನಸ್ ಪವರ್ ಇದರಿಂದ ಹೋಗುವುದಿಲ್ಲ, ಕನ್ನಡಕ ಮುಂದುವರಿಸಲೇಬೇಕು.

ಯಾವಾಗ ತಡ ಮಾಡಬಾರದು?

ದಿಢೀರನೆ ಎರಡು ಕಾಣುವುದು ಕೆಲವೊಮ್ಮೆ ನರ ಅಥವಾ ಮೆದುಳಿನ ಕಾಯಿಲೆಯ ಲಕ್ಷಣವೂ ಆಗಿರುತ್ತದೆ. ಜೊತೆಗೆ ತಲೆನೋವು, ವಾಂತಿ, ನಡೆಯುವಾಗ ತೂರಾಡುವುದು, ಕೈಕಾಲಿನಲ್ಲಿ ಬಲ ಇಲ್ಲದಿರುವುದು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಇವ್ಯಾವುದೂ ಇಲ್ಲದಿದ್ದರೂ ಬೇಗ ಕಣ್ಣಿನ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಚಿಕ್ಕ ಮಕ್ಕಳಾದರೆ ಇನ್ನೂ ತುರ್ತು: ತಡವಾದಷ್ಟೂ ಎರಡೂ ಕಣ್ಣು ಒಟ್ಟಾಗಿ ನೋಡುವ ಶಕ್ತಿ ಕುಂದುತ್ತದೆ.

ಹಾಗಾಗಿ 'ಅದೃಷ್ಟ' ಎಂಬ ಮೆಸೇಜ್ ಮುಂದಿನ ಸಲ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಬಂದರೆ, ನಾವು ಹೇಳುವ ಒಂದೇ ಪ್ರಶ್ನೆ ಕೇಳಿ: 'ಎರಡೆರಡು ಕಾಣುತ್ತಿದೆಯಾ?' ಹೌದು ಎಂದಾದರೆ ಅವರಿಗೆ ಬೇಕಾಗಿರುವುದು ಫಾರ್ವರ್ಡ್ ಅಲ್ಲ, ಡಾಕ್ಟರ್.