ನೂರು ತುಂಡುಗಳ ಪುಟ್ಟ ಕಾರು

ಗಲ್ಫಿನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ ಹಿಂದೆಲ್ಲ ಮಕ್ಕಳಿಗೆಂದು ರಿಮೋಟ್ ಕಾರು ಇರುತ್ತಿತ್ತು. ಈಗೀಗ ಕೆಲವು ಮನೆಗಳಿಗೆ ಬೇರೆಯೇ ಒಂದು ಡಬ್ಬಿ ಬರುತ್ತಿದೆ. ಮುಚ್ಚಳದ ಮೇಲೆ ಹೊಳೆಯುವ ಕಾರಿನ ಚಿತ್ರ. ತೆರೆದು ನೋಡಿದರೆ ಒಳಗೆ ಕಾರಿಲ್ಲ! ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ನೂರರಷ್ಟು ತುಂಡುಗಳು, ನಾಲ್ಕು ರಬ್ಬರ್ ಟಯರು, ಒಂದು ಸ್ಟಿಕ್ಕರ್ ಹಾಳೆ, ಜಪಾನಿ ಅಕ್ಷರದ ಒಂದು ಪುಸ್ತಕ. ಮಗುವಿನ ಮುಖ ಸಪ್ಪೆಯಾಗುತ್ತದೆ. "ಎಂತ ಇದು, ಒಡೆದದ್ದನ್ನು ಕಳಿಸಿದ್ದಾರಾ?" ಎಂದು ಉಮ್ಮ ಕೇಳುತ್ತಾರೆ. ಡಬ್ಬಿ ಕಪಾಟಿನ ಮೇಲೆ ಹೋಗುತ್ತದೆ.

ಅದು ಒಡೆದದ್ದಲ್ಲ, ಕಟ್ಟಬೇಕಾದದ್ದು. ಸ್ಕೇಲ್ ಮಾಡೆಲ್ ಕಿಟ್ ಎಂದು ಅದರ ಹೆಸರು. ನಿಜವಾದ ಕಾರಿನ ಅಳತೆ ತೆಗೆದು, ಲೆಕ್ಕ ತಪ್ಪದಂತೆ ಕುಗ್ಗಿಸಿ, ಪ್ಲಾಸ್ಟಿಕ್‌ನಲ್ಲಿ ಅಚ್ಚು ತೆಗೆದು ಬಿಡಿಬಿಡಿಯಾಗಿ ಮಾರುತ್ತಾರೆ. ಕತ್ತರಿಸುವುದು, ಉಜ್ಜುವುದು, ಅಂಟಿಸುವುದು, ಬಣ್ಣ ಕೊಡುವುದು ಎಲ್ಲ ಕೊಂಡವರ ಕೆಲಸ. ಒಂದು ಕಾರಿಗೆ ಒಂದು ತಿಂಗಳು ಹೋದರೂ ಹೆಚ್ಚಲ್ಲ. ನಮ್ಮಲ್ಲಿ ಇದನ್ನು ಮಕ್ಕಳಾಟಿಕೆ ಎಂದು ತಿಳಿದವರೇ ಹೆಚ್ಚು. ಜಪಾನಿನಲ್ಲೂ ಅಮೆರಿಕದಲ್ಲೂ ತಲೆ ನೆರೆತವರು ಕನ್ನಡಕ ಏರಿಸಿಕೊಂಡು ಕೂತು ಮಾಡುವ ಕೆಲಸ ಇದು.

ಇಂಥ ಡಬ್ಬಿಗಳ ತವರೂರು ಎಂದರೆ ಜಪಾನಿನ ಶಿಝುವೊಕಾ. ತಾಮಿಯಾ, ಹಸೆಗಾವಾ, ಆವೊಶಿಮಾ, ಫುಜಿಮಿ ಎಂಬ ಕಂಪನಿಗಳೆಲ್ಲ ಆ ಒಂದೇ ಪ್ರಾಂತ್ಯದವು. ಅದು ಮರಗೆಲಸಕ್ಕೆ ಹೆಸರಾದ ಸೀಮೆ. ತಾಮಿಯಾ ಕೂಡ 1946ರಲ್ಲಿ ಶುರುವಾದದ್ದು ಮರದ ವ್ಯಾಪಾರವಾಗಿ. ಮುಂದೆ ಮರದ ಆಟಿಕೆ ಮಾದರಿಗಳನ್ನು ಮಾಡತೊಡಗಿದರು, 1960ರಲ್ಲಿ ಯಮಾತೊ ಎಂಬ ಯುದ್ಧನೌಕೆಯ ಮಾದರಿಯೊಂದಿಗೆ ಪ್ಲಾಸ್ಟಿಕ್‌ಗೆ ಇಳಿದರು. ಸ್ಥಾಪಕರ ಮಗ ಶುನ್ಸಾಕು ತಾಮಿಯಾ ಈ ವ್ಯಾಪಾರವನ್ನು ಲೋಕಕ್ಕೆಲ್ಲ ಮುಟ್ಟಿಸಿದವರು, 2025ರಲ್ಲಿ ತೀರಿಕೊಂಡರು. ಪೋರ್ಷೆ ಕಾರಿನ ಮಾದರಿ ಮಾಡಬೇಕೆಂದಾಗ ಅವರು ಮಾಡಿದ ಕೆಲಸ ಕೇಳಿದರೆ ನಗು ಬರಬಹುದು. ನಿಜವಾದ ಪೋರ್ಷೆ 911 ಒಂದನ್ನು ದುಡ್ಡು ಕೊಟ್ಟು ಕೊಂಡು ತಂದು, ಬಿಚ್ಚಿ ಹಾಕಿ, ತುಂಡು ತುಂಡು ಅಳೆದರು! 1976ರಲ್ಲಿ ಬಂದ ಪೋರ್ಷೆ 934 ಮಾದರಿಯ ಹಿಂದೆ ಇದ್ದದ್ದು ಆ ಬಿಚ್ಚಿದ ಕಾರು. ಫೋಟೋ ನೋಡಿ ಮಾಡಿದ್ದಕ್ಕೂ ಬಿಚ್ಚಿ ನೋಡಿ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಗ್ಯಾರೇಜಿನಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ ಮೊದಲ ಮಾದರಿ ಕಾರಲ್ಲ, 1949ರ ಫರ್ಗ್ಯುಸನ್ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಮಾರುವವರು ಗಿರಾಕಿಗಳಿಗೆ ತೋರಿಸಲೆಂದು ಮಾಡಿಸಿದ್ದು ಅದು. ಅಮೆರಿಕದಲ್ಲೂ ಹಾಗೆಯೇ, ಕಾರಿನ ಶೋರೂಮುಗಳಿಗೆ ಮಾಡಿಕೊಡುತ್ತಿದ್ದ ಪುಟ್ಟ ಮಾದರಿಗಳೇ ಮುಂದೆ ಕಿಟ್‌ಗಳಾದವು.

ಇನ್ನು ಅಳತೆಯ ಮಾತು. ಡಬ್ಬಿಯ ಮೇಲೆ 1/24 ಎಂದು ಬರೆದಿರುತ್ತದೆ. ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಎಂದರ್ಥ. ಒಂದು ಅಡಿಗೆ ಅರ್ಧ ಇಂಚು ಎಂಬ ಹಳೆಯ ಇಂಗ್ಲಿಷ್ ಲೆಕ್ಕ ಅದು. ಅಮೆರಿಕದ ಡಬ್ಬಿಗಳಲ್ಲಿ 1/25 ಹೆಚ್ಚು. ನಮ್ಮ ಮಾರುತಿ 800 ಕಾರನ್ನು 1/24ಕ್ಕೆ ಇಳಿಸಿದರೆ ಸುಮಾರು 14 ಸೆಂಟಿಮೀಟರ್, ಅಂಬಾಸಿಡರ್ ಆದರೆ 18. ಈ ಲೆಕ್ಕ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಸೀಟ್ ಬೆಲ್ಟಿನ ಅಗಲ ಸುಮಾರು 48 ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ ಅದು 2 ಮಿಲಿಮೀಟರ್. ಎಂಜಿನ್ನಿನ ಪ್ಲಗ್ ವೈರು 8 ಮಿಲಿಮೀಟರ್ ಇದ್ದರೆ ಇಲ್ಲಿ ಮೂರನೇ ಒಂದು ಮಿಲಿಮೀಟರ್. ಬಾಗಿಲ ಸಂದಿಯಲ್ಲಿ ನಾವು 1 ಮಿಲಿಮೀಟರ್ ಬಿಟ್ಟರೆ ನಿಜವಾದ ಕಾರಿನಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ತೆರೆದ ಬಾಗಿಲಾಯಿತು. ಅಂಥ ಕಾರನ್ನು ಯಾರಾದರೂ ಕೊಳ್ಳುತ್ತಾರಾ ಹೇಳಿ!

ಕಟ್ಟುವ ಕೆಲಸಕ್ಕೆ ಬರೋಣ. ತುಂಡುಗಳು ಗೆಲ್ಲಿನಲ್ಲಿ ಕಾಯಿ ಬಿಟ್ಟ ಹಾಗೆ ಚೌಕಟ್ಟಿಗೆ ಅಂಟಿರುತ್ತವೆ. ಕೈಯಲ್ಲಿ ಮುರಿದು ತೆಗೆಯಬಾರದು. ಚಿಕ್ಕ ಕಟ್ಟರಿನಿಂದ ಸಲ್ಪ ದೂರದಲ್ಲಿ ಕಡಿದು, ಉಳಿದ ಮೊಳೆಯನ್ನು ಬ್ಲೇಡಿನಿಂದ ತೆಗೆದು, ನಯವಾದ ಪಾಲಿಶ್ ಕಾಗದದಲ್ಲಿ ಉಜ್ಜಬೇಕು. ಆಮೇಲೆ ಎಲ್ಲವನ್ನೂ ಸೋಪಿನ ನೀರಲ್ಲಿ ತೊಳೆಯಬೇಕು. ಅಚ್ಚಿನಿಂದ ಬಿಡಿಸುವಾಗಿನ ಎಣ್ಣೆಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಅಂಟಿನ ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಅಂಗಡಿಯ ಐದು ರೂಪಾಯಿಯ ಸೂಪರ್ ಗ್ಲೂ ತಂದು ಎಲ್ಲದಕ್ಕೂ ಹಚ್ಚುವುದು. ಕಿಟಕಿಯ ಗಾಜಿನ ತುಂಡಿಗೆ ಅದನ್ನು ಹಚ್ಚಿದರೆ ಸುತ್ತ ಬಿಳಿ ಮಂಜು ಕವಿದುಬಿಡುತ್ತದೆ. ಗಾಜಿಗೆ ಫೆವಿಕಾಲ್ ಸಾಕು ಮಾರಾಯ್ರೆ, ಒಣಗಿದ ಮೇಲೆ ಕಾಣಿಸುವುದೇ ಇಲ್ಲ. ಉಳಿದ ತುಂಡುಗಳಿಗೆ ಪ್ಲಾಸ್ಟಿಕ್ ಸಿಮೆಂಟ್ ಎಂಬ ಬೇರೆ ಅಂಟು ಉಂಟು. ಅದು ನಿಜವಾಗಿ ಅಂಟಲ್ಲ, ಎರಡು ಬದಿಯ ಪ್ಲಾಸ್ಟಿಕ್ಕನ್ನೂ ಸಲ್ಪ ಕರಗಿಸಿ ಒಂದಾಗಿಸುತ್ತದೆ, ವೆಲ್ಡಿಂಗ್ ಹಾಗೆ. ಒಣಗಿದ ಮೇಲೆ ಬಿಡಿಸಲು ಆಗದು. ಆದ್ದರಿಂದ ಅಂಟು ಹಚ್ಚುವ ಮೊದಲು ಒಮ್ಮೆ ಸುಮ್ಮನೆ ಜೋಡಿಸಿ ನೋಡುವುದು ಕಡ್ಡಾಯ.

ಬಣ್ಣವೇ ಇದರಲ್ಲಿ ಅರ್ಧ ಕೆಲಸ. ಮೊದಲು ಪ್ರೈಮರ್, ಅದರ ಮೇಲೆ ತೆಳುವಾಗಿ ಮೂರು ನಾಲ್ಕು ಪದರ ಬಣ್ಣ, ಮೇಲೆ ಹೊಳಪಿನ ಪದರ. ಒಂದೇ ಸಲ ದಪ್ಪಗೆ ಹೊಡೆದರೆ ಬಣ್ಣ ಇಳಿಯುತ್ತದೆ, ಬಾಗಿಲ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಕೆಂಪು ಪ್ಲಾಸ್ಟಿಕ್‌ನ ಬಾಡಿಗೆ ನೇರ ಬಿಳಿ ಬಣ್ಣ ಹೊಡೆದರೆ ಅಡಿಯ ಕೆಂಪು ಮೇಲೆ ಬಂದು ಗುಲಾಬಿಯಾಗುವುದೂ ಉಂಟು. ಪರೀಕ್ಷೆಗೆ ಒಂದು ಒಳ್ಳೆಯ ಉಪಾಯ, ಮದುವೆ ಊಟದ ಪ್ಲಾಸ್ಟಿಕ್ ಚಮಚ. ಅದರ ಬೆನ್ನು ಕಾರಿನ ಬಾನೆಟ್ಟಿನ ಹಾಗೆಯೇ ಬಾಗಿದೆ. ಬಣ್ಣವನ್ನು ಮೊದಲು ಚಮಚಕ್ಕೆ ಹೊಡೆದು ನೋಡಿ, ಆಮೇಲೆ ಕಾರಿಗೆ.

ಇದರಲ್ಲಿ ನಮ್ಮ ಕರಾವಳಿಗೆಂದೇ ಒಂದು ತೊಂದರೆ ಉಂಟು. ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಸ್ಪ್ರೇ ಮಾಡಿದರೆ ಹೊಳೆಯುವ ಕಪ್ಪು ಕೂಡ ಬೂದಿ ಮೆತ್ತಿದಂತೆ ಬಿಳಿಚಿಕೊಳ್ಳುತ್ತದೆ. ಥಿನ್ನರ್ ಬೇಗ ಆರುವಾಗ ಬಣ್ಣದ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ, ಅದೇ ಕಾರಣ. ಜಪಾನಿನ ಪುಸ್ತಕದಲ್ಲಿ ನಮ್ಮ ಜುಲೈ ತಿಂಗಳ ಲೆಕ್ಕ ಹಾಕಿರುವುದಿಲ್ಲವಲ್ಲ! ಆದ್ದರಿಂದ ಮಳೆಗಾಲದಲ್ಲಿ ಎಂಜಿನ್, ಸೀಟು, ಡ್ಯಾಶ್‌ಬೋರ್ಡಿನ ಬ್ರಶ್ ಕೆಲಸ ಮುಗಿಸಿಟ್ಟು, ಬಾಡಿಗೆ ಸ್ಪ್ರೇ ಮಾಡುವುದನ್ನು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ವಾಸಿ.

ಇಷ್ಟು ಮಾಡಿದರೆ ಡಬ್ಬಿಯ ಚಿತ್ರದಲ್ಲಿದ್ದ ಕಾರು ಸಿಗುತ್ತದೆ. ಅದೇ ಡಬ್ಬಿ ಕೊಂಡ ಸಾವಿರಾರು ಜನರಿಗೂ ಅದೇ ಕಾರು ಸಿಗುತ್ತದೆ. ಡಿಟೇಲಿಂಗ್ ಎಂದು ಕರೆಯುವ ಕುಸುರಿ ಕೆಲಸ ಶುರುವಾಗುವುದು ಆಮೇಲೆ. ಹಳೆಯ ಇಯರ್‌ಫೋನಿನ ವೈರು ಸೀಳಿ, ಒಳಗಿನ ತಾಮ್ರದ ಎಳೆಯಲ್ಲಿ ಪ್ಲಗ್ ವೈರು ಮಾಡುತ್ತಾರೆ. ಕಿಟಕಿಯ ಸುತ್ತಿನ ಕ್ರೋಮ್ ಪಟ್ಟಿಗೆ ಕಾಗದಕ್ಕಿಂತ ತೆಳುವಾದ ಅಂಟುವ ಲೋಹದ ಹಾಳೆ ಬರುತ್ತದೆ, ಅದನ್ನು ಹಾಸಿ ಹೊಸ ಬ್ಲೇಡಿನಲ್ಲಿ ಅಂಚು ಕತ್ತರಿಸುತ್ತಾರೆ. ಸ್ಪೀಡೋಮೀಟರಿನ ಮೇಲೆ ಹೊಳಪು ವಾರ್ನಿಶ್ ಒಂದು ಹನಿ ಬಿಟ್ಟರೆ ಗಾಜು ಆಯಿತು. ಬಾಗಿಲ ಗೆರೆಗಳಿಗೆ ನೀರು ನೀರಾದ ಗಾಢ ಬಣ್ಣ ಹರಿಸಿದರೆ ಬಾಗಿಲು ತೆರೆಯಬಹುದೇನೋ ಎಂದು ಕಾಣುತ್ತದೆ. ಇಂಥ ಗೆರೆ ಕೆಲಸಕ್ಕೆ ನಡುಗದ ಕೈ ಬೇಕು. ಮದರಂಗಿ ಕೋನು ಹಿಡಿದು ಅಭ್ಯಾಸವಿರುವ ನಮ್ಮ ಹೆಣ್ಣುಮಕ್ಕಳ ಕೈಗೆ ಇದು ಗಂಡುಮಕ್ಕಳಿಗಿಂತ ಬೇಗ ಒಲಿಯುತ್ತದೆ ಎಂಬುದು ನಾವು ಕಣ್ಣಾರೆ ಕಂಡ ಮಾತು.

ಆದರೆ ಕುಸುರಿಗೆ ವಸ್ತುವಿಗಿಂತ ಹೆಚ್ಚಾಗಿ ಬೇಕಾದದ್ದು ಆ ಗಾಡಿಯ ಪರಿಚಯ. ಪರಿಚಯಕ್ಕೆ ನಮ್ಮ ಬ್ಯಾರಿಗಳಲ್ಲಿ ಬರ ಉಂಟೇ? ಸೌದಿಯಲ್ಲಿ ಹೌಸ್ ಡ್ರೈವರ್ ಆಗಿ ಹೋದವರು, ದುಬೈ ಗ್ಯಾರೇಜುಗಳಲ್ಲಿ ಮೈಮೇಲೆ ಆಯಿಲ್ ಸುರಿಸಿಕೊಂಡವರು, ಇಲ್ಲೇ ಬಸ್ಸು, ಲಾರಿ, ಮೀನಿನ ಟೆಂಪೋ ಓಡಿಸಿದವರು ಮನೆಗೊಬ್ಬರು ಸಿಗುತ್ತಾರೆ.

ನಮ್ಮ ಪರಿಚಯದ ಒಬ್ಬರು ಸೌದಿಯಲ್ಲಿ 19 ವರ್ಷ ಒಂದೇ ಮನೆಯ ಡ್ರೈವರ್ ಆಗಿದ್ದು ಊರಿಗೆ ಬಂದು ಕೂತವರು. ಅದರಲ್ಲಿ ಬಹುಕಾಲ ಓಡಿಸಿದ್ದು ಒಂದು ಬಿಳಿ ಲ್ಯಾಂಡ್ ಕ್ರೂಸರ್. ಅಳಿಯ ತಂದುಕೊಟ್ಟ ಜಪಾನಿನ ಡಬ್ಬಿಯಲ್ಲಿ ಅದೇ ಗಾಡಿ ಸಿಕ್ಕಿತು, ಕಟ್ಟಿದರೆ ಒಂದು ಗೇಣು, 20 ಸೆಂಟಿಮೀಟರ್. ತೆರೆದ ಕೂಡಲೇ ಅವರು ಹೇಳಿದ್ದು ಸ್ಟಿಯರಿಂಗ್ ತಪ್ಪು ಬದಿಯಲ್ಲಿದೆ ಎಂದು. ಸರಿಯೇ. ಜಪಾನಿನಲ್ಲಿ ನಮ್ಮ ಹಾಗೆ ಸ್ಟಿಯರಿಂಗ್ ಬಲಕ್ಕೆ, ಸೌದಿಯಲ್ಲಿ ಎಡಕ್ಕೆ. ಕೆಲವು ಡಬ್ಬಿಗಳಲ್ಲಿ ಎರಡೂ ಬಗೆಯ ಡ್ಯಾಶ್‌ಬೋರ್ಡ್ ಕೊಟ್ಟಿರುತ್ತಾರೆ, ಇದರಲ್ಲಿ ಇರಲಿಲ್ಲ. ಬೇರೆಯವರಾದರೆ ಹಾಗೆಯೇ ಅಂಟಿಸಿ ಮುಗಿಸುತ್ತಿದ್ದರು. ಇವರು ಡ್ಯಾಶ್‌ಬೋರ್ಡನ್ನು ಸಣ್ಣ ಗರಗಸದಲ್ಲಿ ಸೀಳಿ, ತುಂಡುಗಳನ್ನು ಅದಲು ಬದಲು ಮಾಡಿ, ಸಂದಿಗೆ ಪುಟ್ಟಿ ತುಂಬಿ, ವಾರಗಟ್ಟಲೆ ಉಜ್ಜಿದರು. ಡ್ಯಾಶ್‌ಬೋರ್ಡ್ ಮೇಲೆ ಕಾಗದ ಮಡಚಿ ಮಾಡಿದ ಟಿಶ್ಯೂ ಡಬ್ಬಿ. ಹಿಂದಿನ ಕಿಟಕಿಗೆ ಕಪ್ಪು ಬಟ್ಟೆಯ ಪರದೆ. ಬಾಗಿಲ ಕೆಳಗೆ, ಚಕ್ರದ ಕಮಾನಿಗೆ ಮರಳು ಬಣ್ಣದ ಚಾಕ್ ಪುಡಿ ಮಾಡಿ ಬ್ರಶ್ಶಿನಲ್ಲಿ ಹಚ್ಚಿದ ಧೂಳು.

ನಮ್ಮ ಕಣ್ಣಿಗೆ ಬಿದ್ದದ್ದು ಸೀಟು. ಡ್ರೈವರ್ ಸೀಟಿನ ಎಡ ಅಂಚು, ಬಾಗಿಲ ಕಡೆಯದ್ದು, ಅಷ್ಟು ಮಾತ್ರ ಸಲ್ಪ ಬಣ್ಣಗೆಟ್ಟು ಸವೆದ ಹಾಗಿತ್ತು. ಬಣ್ಣ ಹೋಗಿದೆಯೇ ಎಂದು ಕೇಳಿದೆವು. ಹೋದದ್ದಲ್ಲ, ತಾನೇ ಉಜ್ಜಿದ್ದು, ದಿನಕ್ಕೆ ಹತ್ತಾರು ಸಲ ಹತ್ತಿ ಇಳಿಯುವಾಗ ಸೀಟು ಸವೆಯುವುದು ಅಲ್ಲಿಯೇ ಎಂದರು. ಯಾವ ಕಂಪನಿಯ ಪುಸ್ತಕದಲ್ಲೂ ಅದನ್ನು ಹೇಳಿಕೊಡುವುದಿಲ್ಲ. ಅವರ ಮಕ್ಕಳು ಆ ಗಾಡಿಯನ್ನು ಕಂಡದ್ದು ಫೋಟೋದಲ್ಲಿ ಮಾತ್ರ. ಉಪ್ಪ ಗಲ್ಫಿನಲ್ಲಿ ಇದ್ದಾರೆ ಎಂದರೆ ತಿಂಗಳಿಗೊಮ್ಮೆ ಬರುವ ಹಣ, ವಾರಕ್ಕೊಮ್ಮೆ ಬರುವ ಫೋನು ಎಂದಷ್ಟೇ ಗೊತ್ತಿದ್ದವರು. ಈಗ ಒಂದೊಂದಾಗಿ ಕೇಳುತ್ತಾರೆ. ಪರದೆ ಯಾಕೆ, ಧೂಳು ಅಷ್ಟು ಎತ್ತರಕ್ಕೆ ಯಾಕೆ, ಸ್ಪೇರ್ ಚಕ್ರವನ್ನು ನಡು ಮರಳುಗಾಡಿನಲ್ಲಿ ಒಬ್ಬರೇ ಬದಲಿಸಿದ್ದು ಯಾವಾಗ. ಊರಿಗೆ ಬಂದು ಮೂರು ವರ್ಷ ಬಾಯಿ ಬಿಡದಿದ್ದ ಮನುಷ್ಯ ಈಗ ಗಂಟೆಗಟ್ಟಲೆ ಹೇಳುತ್ತಾರೆ.

ಹಣ ದುಂದಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಒಳ್ಳೆಯ ಡಬ್ಬಿಗೆ ಕೆಲವು ಸಾವಿರ ರೂಪಾಯಿ, ಮೇಲೆ ಬಣ್ಣ, ಬ್ರಶ್ಶು. ಒಂದನ್ನು ಮುಗಿಸಿ ಇನ್ನೊಂದು ಕೊಂಡರೆ ತಿಂಗಳ ಪೆಟ್ರೋಲ್ ಖರ್ಚಿಗಿಂತ ಹೆಚ್ಚಾಗದು. ಹತ್ತು ಡಬ್ಬಿ ಕೊಂಡು ಅಟ್ಟಿ ಇಡುವ ಚಟ ಮಾತ್ರ ಬೇಡ. ಹಳೆಯ ಡಬ್ಬಿಗಳಲ್ಲಿ ರಬ್ಬರ್ ಟಯರು ಪ್ಲಾಸ್ಟಿಕ್‌ಗೆ ತಾಗಿಕೊಂಡೇ ಇದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಕರಗುತ್ತದೆ, ಸ್ಟಿಕ್ಕರ್ ಹಾಳೆ ಹಳದಿಯಾಗುತ್ತದೆ. ಇಟ್ಟು ಹಾಳು ಮಾಡಿದಂತೆಯೇ ಆಯಿತು.

ಗಲ್ಫಿನಿಂದ ತರಿಸುವವರು ಒಂದು ವಿಷಯ ಗಮನಿಸಬೇಕು. ಡಬ್ಬಿಯನ್ನು ವಿಮಾನದಲ್ಲಿ ತರಬಹುದು. ಆದರೆ ಬೆಂಕಿ ಹಿಡಿಯುವ ಅಂಟು, ಥಿನ್ನರ್, ಸ್ಪ್ರೇ ಪೇಂಟ್ ಕೈಚೀಲದಲ್ಲೂ ಲಗೇಜಿನಲ್ಲೂ ತರುವಂತಿಲ್ಲ. ಪಾಪ, ಗೊತ್ತಿಲ್ಲದೆ ತುಂಬಿಸಿ, ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಸಿಕೊಂಡು ನಿಲ್ಲುವುದು ಬೇಡ. ಅವುಗಳನ್ನು ಇಲ್ಲೇ ಕೊಳ್ಳಿ. ಕೊಂಡ ಮೇಲೆ ಅಡುಗೆ ಒಲೆಯಿಂದ ದೂರ, ಕಿಟಕಿ ತೆರೆದು ಬಳಸಿ. ಥಿನ್ನರಿನ ಹಬೆಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ, ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು. ತೊಟ್ಟಿಲ ಮಗು ಇರುವ ಮನೆಯೊಳಗೆ ಸ್ಪ್ರೇ ಮಾಡಲೇಬೇಡಿ, ಅಂಗಳಕ್ಕೆ ಹೋಗಿ. ಎಳೆಯ ಮಕ್ಕಳ ಕೈಗೆ ನೀರಿನಲ್ಲಿ ತೊಳೆಯುವ ಅಕ್ರಿಲಿಕ್ ಬಣ್ಣ ಸಾಕು.

ಮೊದಲ ಬಾರಿ ಮಾಡುವವರಿಗೆ ಅಂಟೂ ಬಣ್ಣವೂ ಬೇಡದ ಕಿಟ್‌ಗಳೂ ಬರುತ್ತವೆ. ಆವೊಶಿಮಾ ಕಂಪನಿಯ ಸ್ನ್ಯಾಪ್ ಕಿಟ್‌ಗಳು ಅಂಥವು. ತುಂಡುಗಳು ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬರುತ್ತವೆ, ಒತ್ತಿದರೆ ಕೂರುತ್ತವೆ. 1/32ರ ಅಳತೆ, ಅಂಗೈಯಷ್ಟು ದೊಡ್ಡದು. ಅದರಲ್ಲಿ ಸುಜುಕಿ ಜಿಮ್ನಿಯೂ ಇದೆ. ನಮ್ಮ ದೇಶದಲ್ಲಿ 2023ರಿಂದ ಮಾರುವುದು ಐದು ಬಾಗಿಲಿನ ಜಿಮ್ನಿ, ಡಬ್ಬಿಯಲ್ಲಿರುವುದು ಮೂರು ಬಾಗಿಲಿನದು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಹಳೆಯ ಮಾರುತಿ ಜಿಪ್ಸಿ ಕೂಡ ಅದೇ ಜಿಮ್ನಿ ವಂಶದ ಗಾಡಿ. ಜಿಪ್ಸಿ ಓಡಿಸಿದ ಅಜ್ಜಂದಿರು ಮನೆಯಲ್ಲಿದ್ದರೆ ಡಬ್ಬಿ ತೆರೆಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗೇರ್ ರಾಡು ಎಲ್ಲಿ, ಸ್ಪೇರ್ ಚಕ್ರ ಎಲ್ಲಿ ಎಂದು ಪುಸ್ತಕಕ್ಕಿಂತ ಮೊದಲೇ ಅವರು ಹೇಳುತ್ತಾರೆ.