ಪ್ರಭಾವಿಗಳಿಗೂ ಬೇಕು ಅಣುವ್ರತ

ಕ್ಷೀರಕದಂಬನೆಂಬ ಉಪಾಧ್ಯಾಯನ ಬಳಿ ಮೂವರು ಕೂಡಿ ಓದಿದರು. ಒಬ್ಬ ಗುರುವಿನ ಮಗ ಪರ್ವತ, ಇನ್ನೊಬ್ಬ ನಾರದ, ಮೂರನೆಯವನು ರಾಜಕುಮಾರ ವಸು. ಕಾಲಾನಂತರ ವಸು ಅರಸನಾದ. ಅವನ ಸಿಂಹಾಸನವು ನೆಲವನ್ನು ಮುಟ್ಟದೆ ಅಂತರಿಕ್ಷದಲ್ಲಿ ನಿಂತಿದೆಯೆಂಬ ಕೀರ್ತಿ ನಾಡೆಲ್ಲ ಹಬ್ಬಿತು. ಅದು ಅರಸನ ಸತ್ಯವಾಕ್ಯದ ಮಹಿಮೆಯೆಂದು ಜನ ಕೈಮುಗಿದರು. ನಿಜವಾಗಿ ಸಿಂಹಾಸನದ ಕೆಳಗೆ ಆಕಾಶದಷ್ಟು ತಿಳಿಯಾದ ಸ್ಫಟಿಕದ ಪೀಠವಿತ್ತು. ನೋಡುವವರ ಕಣ್ಣಿಗೆ ಅದು ಕಾಣುತ್ತಿರಲಿಲ್ಲ, ಅಷ್ಟೆ.

ಒಮ್ಮೆ ಪರ್ವತನಿಗೂ ನಾರದನಿಗೂ ‘ಅಜ’ ಎಂಬ ಒಂದು ಪದದ ಮೇಲೆ ವಾದ ಹುಟ್ಟಿತು. ಹೋಮಕ್ಕೆ ಹೇಳಿರುವ ಅಜವೆಂದರೆ ಮೂರು ವರ್ಷ ಹಳೆಯದಾದ, ಮೊಳೆಯುವ ಶಕ್ತಿ ಕಳೆದುಕೊಂಡ ಧಾನ್ಯ ಎಂದು ಗುರುಗಳು ಕಲಿಸಿದ್ದರು. ನಾರದ ಅದನ್ನೇ ಹೇಳಿದ. ಪರ್ವತ ಮಾತ್ರ ಅಜವೆಂದರೆ ಆಡು ಎಂದು ಹಟ ಹಿಡಿದ. ಸೋತವನ ನಾಲಗೆ ಕತ್ತರಿಸಬೇಕೆಂಬ ಪಣವಾಯಿತು. ತೀರ್ಪು ಹೇಳಬೇಕಾದವನು ಸಹಪಾಠಿಯಾದ ವಸು. ಮಗನನ್ನು ಉಳಿಸಿಕೊಳ್ಳಲು ಗುರುಪತ್ನಿ ಹಳೆಯ ಋಣವನ್ನು ನೆನಪಿಸಿ ಅರಸನ ಮುಂದೆ ಸೆರಗೊಡ್ಡಿದಳು. ಮರುದಿನ ತುಂಬಿದ ಸಭೆಯಲ್ಲಿ ವಸು, ಪರ್ವತ ಹೇಳಿದ್ದೇ ಸರಿ ಎಂದ. ಆ ಕ್ಷಣವೇ ಸಿಂಹಾಸನ ಸಹಿತ ಕುಸಿದು ನರಕಕ್ಕೆ ಇಳಿದ ಎನ್ನುತ್ತವೆ ಜೈನ ಪುರಾಣಗಳು. ಹರಿವಂಶ ಪುರಾಣ, ಪದ್ಮಪುರಾಣ, ಉತ್ತರಪುರಾಣಗಳಲ್ಲಿ ಈ ಕಥೆ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಬರುತ್ತದೆ.

ವಸು ಯಾವ ಆಡನ್ನೂ ಕೊಲ್ಲಲಿಲ್ಲ. ಕೊಲ್ಲಿರೆಂದು ಆಜ್ಞೆಯನ್ನೂ ಮಾಡಲಿಲ್ಲ. ಒಂದು ಪದದ ಅರ್ಥವನ್ನು ತಪ್ಪಾಗಿ ಹೇಳಿದ. ಆದರೆ ಹೇಳಿದವನು ಅಂತರಿಕ್ಷದಲ್ಲಿ ಕುಳಿತವನು! ಅದೇ ಮಾತನ್ನು ಬೀದಿಯ ಮನುಷ್ಯನೊಬ್ಬ ಹೇಳಿದ್ದರೆ ಕೇಳಿದವರು ನಕ್ಕು ಮುಂದೆ ಹೋಗುತ್ತಿದ್ದರು. ಅರಸನ ಮಾತಿಗೆ ತೂಕ ಬಂದದ್ದು ಅವನ ಆಸನದಿಂದ. ಆ ಆಸನವನ್ನು ಎತ್ತಿ ಹಿಡಿದಿದ್ದದ್ದು ಯಾರಿಗೂ ಕಾಣದ ಪೀಠ.

ಇಂದು ಅಂಥ ಸಿಂಹಾಸನಗಳು ಅಂಗೈಯಗಲದ ಪರದೆಯ ಮೇಲಿವೆ. ಇಪ್ಪತ್ತರ ಆಸುಪಾಸಿನ ಯುವಕನೋ ಯುವತಿಯೋ ಕೋಣೆಯ ಮೂಲೆಯಲ್ಲಿ ದೀಪವೊಂದನ್ನು ಹೊತ್ತಿಸಿ, ಮೊಬೈಲಿನ ಮುಂದೆ ಕುಳಿತು ಮಾತನಾಡಿದರೆ ಲಕ್ಷಾಂತರ ಮಂದಿ ಕೇಳುತ್ತಾರೆ. ಕೇಳುವವರಲ್ಲಿ ದೊಡ್ಡ ಪಾಲು ಶಾಲೆ, ಕಾಲೇಜುಗಳ ಮಕ್ಕಳು. ಅವರು ಅಪ್ಪ ಹೇಳಿದರೆ ಪ್ರಶ್ನಿಸುವುದನ್ನು, ಮೇಷ್ಟ್ರು ಹೇಳಿದರೆ ಆಕಳಿಸುವುದನ್ನು, ತಾವು ಮೆಚ್ಚಿದ ಇನ್‌ಫ್ಲುಯೆನ್ಸರ್ ಹೇಳಿದರೆ ಮರುದಿನವೇ ಮಾಡುತ್ತಾರೆ. ಯಾವ ಕ್ರೀಮು ಹಚ್ಚಬೇಕು, ಏನು ತಿನ್ನಬಾರದು, ಯಾರನ್ನು ಗೇಲಿ ಮಾಡಬಹುದು, ಹಣವನ್ನು ಎಲ್ಲಿ ತೊಡಗಿಸಿದರೆ ಎರಡು ಪಟ್ಟಾಗುತ್ತದೆ ಎಂಬುದೆಲ್ಲ ಅಲ್ಲಿಂದಲೇ ಬರುತ್ತದೆ. ಪೀಠವಾಗಿರುವ ಅಲ್ಗಾರಿದಮ್ಮು, ಜಾಹೀರಾತಿನ ಹಣ, ಬಣ್ಣ ತಿದ್ದುವ ಫಿಲ್ಟರು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಈ ಪ್ರಭಾವಿಗಳಿಗೆ ಹೊಣೆ ಕಲಿಸಬೇಕೆಂಬ ಯೋಚನೆ ಜಗತ್ತಿನಲ್ಲಿ ಈಗೀಗ ಗಟ್ಟಿಯಾಗುತ್ತಿದೆ. ಯುನೆಸ್ಕೊ 2024ರಲ್ಲಿ 45 ದೇಶಗಳ 500 ಮಂದಿಯನ್ನು ವಿಚಾರಿಸಿದಾಗ, ಹಂಚುವ ಮೊದಲು ವಿಷಯದ ಸತ್ಯಾಸತ್ಯವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವುದಿಲ್ಲವೆಂದು ಶೇ 62ರಷ್ಟು ಮಂದಿ ಒಪ್ಪಿಕೊಂಡರು. ಒಂದು ಮಾಹಿತಿಯನ್ನು ನಂಬಬಹುದೇ ಎಂದು ತಿಳಿಯಲು ಅದಕ್ಕೆ ಬಿದ್ದಿರುವ ಲೈಕು, ವ್ಯೂಗಳನ್ನೇ ನೋಡುತ್ತೇವೆಂದವರು ಹತ್ತರಲ್ಲಿ ನಾಲ್ವರು. ಆ ಸಂಸ್ಥೆ ಅವರಿಗಾಗಿ ಒಂದು ತರಬೇತಿಯನ್ನೂ ಆರಂಭಿಸಿತು. ಫ್ರಾನ್ಸಿನ ಜಾಹೀರಾತು ಸ್ವನಿಯಂತ್ರಣ ಸಂಸ್ಥೆ 2021ರಿಂದ ಪಾಠ ಹೇಳಿ ಪ್ರಮಾಣಪತ್ರ ಕೊಡುತ್ತಿದೆ. ಭಾರತದಲ್ಲಿ ಹಣ ಪಡೆದು ಮಾಡಿದ ಪ್ರಚಾರಕ್ಕೆ ‘ಜಾಹೀರಾತು’ ಎಂಬ ಗುರುತು ಹಾಕಬೇಕೆಂಬ ನಿಯಮ 2021ರ ಜೂನ್‌ನಿಂದ ಇದೆ. 2022ರ ಕೇಂದ್ರದ ಮಾರ್ಗಸೂಚಿ, ಮಕ್ಕಳ ಅನನುಭವವನ್ನು ದುರುಪಯೋಗಪಡಿಸಿಕೊಳ್ಳುವ ಜಾಹೀರಾತನ್ನು ನಿಷೇಧಿಸುತ್ತದೆ. ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಇವೆಲ್ಲ ಬೇಕಾದವೇ. ಆದರೆ ಕಾನೂನು ನೋಡುವುದು ಗುರುತಿನ ಚೀಟಿಯನ್ನು, ರಸೀದಿಯನ್ನು. ಹಣ ಪಡೆಯದೆ, ಬರೀ ನಗಿಸುವುದಕ್ಕಾಗಿ ಕುಂಟುವವನನ್ನು ಅಣಕಿಸಿದರೆ ಅದಕ್ಕೆ ಯಾವ ಗುರುತು ಹಾಕುವುದು?

ಜೈನಾಗಮದ ಲೆಕ್ಕ ಇದಕ್ಕಿಂತ ಬಹಳ ಸೂಕ್ಷ್ಮವಾದುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮ ಆತ್ಮದೊಳಗೆ ಹರಿದುಬರುವ ದಾರಿಗಳನ್ನು ವಿವರಿಸುತ್ತದೆ. ಒಂದು ಕೆಲಸವನ್ನು ಮನಸ್ಸಿನಲ್ಲಿ ಸಂಕಲ್ಪಿಸುವುದು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು ಸಮಾರಂಭ, ತೊಡಗಿಬಿಡುವುದು ಆರಂಭ. ಈ ಮೂರೂ ಮನ, ವಚನ, ಕಾಯಗಳಿಂದ ಆಗುತ್ತವೆ. ತಾನೇ ಮಾಡುವುದು ಕೃತ, ಇತರರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚುವುದು ಅನುಮೋದಿತ ಎಂದು ಮತ್ತೆ ಮೂರು ಬಗೆ. ಇವೆಲ್ಲದರ ಹಿಂದೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೂ ಈ ಸಂಖ್ಯೆಗೂ ನಂಟು ಹೇಳುವ ಶ್ರಾವಕರು ಬಹಳ ಮಂದಿ.

ಈ ಮಣಿಗಳನ್ನು ಒಂದು ರೀಲ್ಸಿನ ಮೇಲೆ ಎಣಿಸಿ ನೋಡಬಹುದು. ಓಡುವ ಬೈಕಿನ ಮೇಲೆ ಎದ್ದು ನಿಲ್ಲುವ ದೃಶ್ಯವೊಂದನ್ನು ಯೋಚಿಸಿದಾಗ ಸಂರಂಭ. ಕ್ಯಾಮೆರಾ, ಗೆಳೆಯರು, ಖಾಲಿ ರಸ್ತೆ ಹೊಂದಿಸಿಕೊಂಡಾಗ ಸಮಾರಂಭ. ಚಿತ್ರೀಕರಿಸಿ ಹರಿಬಿಟ್ಟಾಗ ಆರಂಭ. ಅದನ್ನು ನೋಡಿ ಯಾವುದೋ ಊರಿನ ಹದಿನಾಲ್ಕರ ಹುಡುಗ ಅಣ್ಣನ ಬೈಕು ಹತ್ತಿದರೆ ಅಲ್ಲಿ ಕಾರಿತದ ಪ್ರಶ್ನೆ ಏಳುತ್ತದೆ. ‘ನಾನೇನೂ ಅವನಿಗೆ ಮಾಡೆಂದು ಹೇಳಿರಲಿಲ್ಲ, ಮನೆಯಲ್ಲಿ ಪ್ರಯತ್ನಿಸಬೇಡಿ ಎಂದು ಕೆಳಗೆ ಬರೆದಿದ್ದೆ’ ಎಂಬ ಸಮಾಧಾನ ಠಾಣೆಯಲ್ಲಿ ನಡೆಯಬಹುದು. ಕರ್ಮಸಿದ್ಧಾಂತ ಕೇಳುವುದು ಬರೆದ ಸಾಲನ್ನಲ್ಲ, ಹಿಂದಿದ್ದ ಕಷಾಯವನ್ನು. ಯಾರೂ ಅನುಕರಿಸದಿರಲಿ ಎಂಬ ಭಾವವಿತ್ತೋ, ಎಲ್ಲರೂ ಬೆರಗಾಗಲಿ ಎಂಬ ಮಾನಕಷಾಯವಿತ್ತೋ? ಮಾಡಿದವನಿಗೆ ಅದು ಗೊತ್ತೇ ಇರುತ್ತದೆ.

ಅನುಮೋದಿತವನ್ನೂ ಇಲ್ಲಿ ಮರೆಯುವಂತಿಲ್ಲ. ಹೆಬ್ಬೆರಳಿನ ಒಂದು ಒತ್ತು ಹೃದಯದ ಗುರುತಾಗಿ ಮೇಲೇರುತ್ತದೆ. ಅದೂ ಒಂದು ಮಣಿಯೇ. ಮಕ್ಕಳನ್ನು ಕೆಡಿಸಿದರೆಂದು ಪ್ರಭಾವಿಗಳನ್ನು ಬೈಯುವ ಹಿರಿಯರ ಹೆಬ್ಬೆರಳು ಕೂಡ ಅಷ್ಟೇನೂ ಸಂಯಮದಲ್ಲಿರುವುದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥರಿಗೆ ಹೇಳುವ ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಬದುಕಿನ ಅಗತ್ಯವೇನೂ ಇಲ್ಲದೆ, ಸುಮ್ಮನೆ ಮಾಡುವ ಹಿಂಸೆಯಿಂದ ದೂರವಿರುವ ವ್ರತ ಇದು. ಉಳುವವನು, ಅಡುಗೆ ಮಾಡುವವಳು ಅನಿವಾರ್ಯವಾಗಿ ಮಾಡುವ ಹಿಂಸೆ ಬೇರೆ. ಪ್ರಯೋಜನವಿಲ್ಲದ ಪಾಪ ಬೇರೆ. ಆಚಾರ್ಯರು ಅನರ್ಥದಂಡವನ್ನು ಐದಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಮೊದಲನೆಯದು ಪಾಪಕ್ಕೆ ದಾರಿ ತೋರುವ ಬೋಧೆ. ಬೆಟ್ಟಿಂಗ್ ಆ್ಯಪುಗಳಲ್ಲಿ ತಾನು ಗೆದ್ದೆನೆಂದು ಹೇಳಿ, ಕೆಳಗೆ ಕೊಂಡಿಯನ್ನೂ ಕೊಟ್ಟು, ಸೇರಿದ ಪ್ರತಿಯೊಬ್ಬನಿಗೂ ಕಮಿಷನ್ ಎಣಿಸಿಕೊಳ್ಳುವುದಕ್ಕೆ ಇದಕ್ಕಿಂತ ನಿಖರವಾದ ಹೆಸರು ಸಿಗಲಾರದು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಪ್ರಚಾರವನ್ನೂ ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2025ರ ಆಗಸ್ಟ್‌ನಲ್ಲಿ. ದ್ಯೂತವನ್ನು ಸಪ್ತವ್ಯಸನಗಳಲ್ಲಿ ಮೊದಲು ಎಣಿಸಿದ ಪರಂಪರೆಗೆ ಅಷ್ಟು ಕಾಯಬೇಕಾದ ಅಗತ್ಯವಿರಲಿಲ್ಲ.

ದುಃಶ್ರುತಿಯೆಂದರೆ ರಾಗದ್ವೇಷಗಳನ್ನು ಕೆರಳಿಸಿ ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವುದು, ಕೇಳಿಸುವುದು. ಅಪಧ್ಯಾನವೆಂದರೆ ಇನ್ನೊಬ್ಬನಿಗೆ ಕೇಡಾಗಲಿ, ಅವನು ಸೋಲಲಿ ಎಂದು ಒಳಗೊಳಗೇ ಬಯಸುವುದು. ಇಬ್ಬರು ಪ್ರಭಾವಿಗಳ ಜಗಳದಲ್ಲಿ ಅವರ ಹಿಂಬಾಲಕರು ಎರಡು ಪಾಳಯಗಳಾಗಿ, ಕಂಡರಿಯದವರ ಮೇಲೆ ಬೈಗುಳ ಸುರಿಸುವಾಗ ಸಾವಿರಾರು ಎಳೆಯ ಮನಸ್ಸುಗಳಲ್ಲಿ ನಡೆಯುವುದು ಇದೇ.

ಈ ವ್ರತಕ್ಕೆ ಹೇಳಿರುವ ಅತಿಚಾರಗಳ ಪಟ್ಟಿಯಂತೂ ಇಂದಿನ ಪರದೆಯನ್ನು ನೋಡಿಯೇ ಬರೆದಂತಿದೆ. ಅಶ್ಲೀಲ ಹಾಸ್ಯದ ಮಾತು ಕಂದರ್ಪ. ಅದಕ್ಕೆ ಅಂಗಚೇಷ್ಟೆಯೂ ಸೇರಿದರೆ ಕೌತ್ಕುಚ್ಯ. ಹುರುಳಿಲ್ಲದೆ ಒಂದೇ ಸಮನೆ ಬಡಬಡಿಸುವುದು ಮೌಖರ್ಯ. ಮುಂದಾಲೋಚನೆಯಿಲ್ಲದೆ ಕೆಲಸಕ್ಕೆ ಕೈಹಾಕುವುದು ಅಸಮೀಕ್ಷ್ಯಾಧಿಕರಣ. ಅಗತ್ಯ ಮೀರಿ ಭೋಗವಸ್ತುಗಳನ್ನು ಗುಡ್ಡೆ ಹಾಕಿಕೊಳ್ಳುವುದು ಐದನೆಯದು. ತರಿಸಿಕೊಂಡ ನಲವತ್ತು ಉಡುಪುಗಳನ್ನು ಒಂದೊಂದಾಗಿ ಎತ್ತಿ ತೋರಿಸುವ ವಿಡಿಯೊ ನೋಡಿ ಬೆಳೆಯುವ ಹುಡುಗಿಗೆ ತನ್ನ ಎರಡು ಜೊತೆ ಬಟ್ಟೆ ಅವಮಾನವಾಗಿ ಕಾಣತೊಡಗುತ್ತದೆ. ಪರಿಗ್ರಹ ಪರಿಮಾಣವ್ರತದ ಹೆಸರನ್ನು ಕೇಳುವ ಮೊದಲೇ ಪರಿಗ್ರಹದ ಪಾಠ ಮುಗಿದಿರುತ್ತದೆ.

ಸತ್ಯಾಣುವ್ರತದ ಮೊದಲ ಅತಿಚಾರದ ಹೆಸರು ಮಿಥ್ಯೋಪದೇಶ. ವೈದ್ಯನಲ್ಲದವನು ಔಷಧ ಹೇಳುವುದು, ಫಿಲ್ಟರಿನಿಂದ ಬಂದ ಮುಖಕಾಂತಿಯನ್ನು ಕ್ರೀಮಿನಿಂದ ಬಂದದ್ದೆಂದು ನಂಬಿಸುವುದು ಇದರಡಿ ಬರುತ್ತವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ, ಅಳತೆಗಳ ಮೋಸವಿದೆ. ಹಣ ಕೊಟ್ಟು ಕೊಂಡ ಲಕ್ಷ ಹಿಂಬಾಲಕರನ್ನು ತೋರಿಸಿ ಮಾತಿನ ಬೆಲೆ ಏರಿಸಿಕೊಳ್ಳುವುದು ಸುಳ್ಳು ತಕ್ಕಡಿಯಲ್ಲದೆ ಇನ್ನೇನು?

‘ಇದು ಬರಿಯ ತಮಾಷೆ, ಅಭಿನಯ; ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೇ’ ಎಂಬ ಆಕ್ಷೇಪ ಇದ್ದೇ ಇದೆ. ಕನ್ನಡಿಗರಿಗೆ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕವಿ ಜನ್ನ 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಬಲಿಯಾಗುವುದು ನಿಜವಾದ ಕೋಳಿಯಲ್ಲ, ಹಿಟ್ಟಿನ ಕೋಳಿ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಅಷ್ಟಕ್ಕೇ ತಾಯಿಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮತ್ತೆ ಮತ್ತೆ ತಿರ್ಯಂಚ ಜನ್ಮಗಳಲ್ಲಿ ತೊಳಲುತ್ತಾರೆ. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬುದಕ್ಕೆ ಈ ಕಥೆಯನ್ನು ಹೇಳುವುದು ರೂಢಿ. ಇಲ್ಲಿ ಮಗ ಕೃತ, ತಾಯಿ ಕಾರಿತ. ಫಲ ಇಬ್ಬರಿಗೂ ಸಮ. ಬೀದಿಯಲ್ಲಿ ಮಲಗಿದ್ದ ನಾಯಿಯನ್ನು ಪಟಾಕಿಯಿಂದ ಬೆದರಿಸುವ ‘ಪ್ರ್ಯಾಂಕ್’ ಹಿಟ್ಟಿನ ಕೋಳಿಯ ಮಟ್ಟವನ್ನೂ ದಾಟಿದ್ದು.

ಹಾಗಾದರೆ ಇವರಿಗೆ ಕಲಿಸುವುದು ಹೇಗೆ? ಬೈದರೆ ಕಲಿಯುವ ವಯಸ್ಸು ಅವರದಲ್ಲ. ಹಲವರು ತಾವೇ ಇನ್ನೂ ಹುಡುಗರು. ಮುನಿಗಳಿಗೆ ಹೇಳಿದ ಭಾಷಾಸಮಿತಿಯಲ್ಲಿ ಮಾತಿಗೆ ಮೂರು ಲಕ್ಷಣಗಳಿವೆ: ಹಿತವಾಗಿರಬೇಕು, ಮಿತವಾಗಿರಬೇಕು, ಸಂದೇಹಕ್ಕೆ ಎಡೆಗೊಡದಂತಿರಬೇಕು. ಮೊದಲ ಸ್ಥಾನ ಹಿತಕ್ಕೆ. ಹರಿಬಿಡುವ ಮೊದಲು ಒಂದು ಗಳಿಗೆ ತಡೆದು, ಇದನ್ನು ಮನೆಯ ತಂಗಿಗೋ ತಮ್ಮನಿಗೋ ಎದುರು ಕೂರಿಸಿಕೊಂಡು ತೋರಿಸಬಹುದೇ ಎಂದು ಕೇಳಿಕೊಂಡರೆ ಅರ್ಧ ಪಾಠವಾದಂತೆ. ಬಸದಿಗಳ ಪಾಠಶಾಲೆಗಳಲ್ಲಿ ಅಣುವ್ರತಗಳ ಹೆಸರನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅಲ್ಲಿಯೇ ಅವರ ಮೊಬೈಲಿನ ಒಂದು ರೀಲ್ಸನ್ನು ತೆರೆಸಿ, ಇದರಲ್ಲಿ ಯಾವ ಅತಿಚಾರವಿದೆ ಹೇಳಿ ಎಂದರೆ ಪಾಠ ಮರೆಯಲಾರದು. ನಾಳಿನ ಪ್ರಭಾವಿಗಳೂ ಅದೇ ಚಾಪೆಯ ಮೇಲೆ ಕುಳಿತಿರುತ್ತಾರೆ.

ಸಮಾಜ ತನ್ನ ಕಡೆಗೂ ನೋಡಿಕೊಳ್ಳಬೇಕಾದ ಒಂದು ಸಂಗತಿ ಇದೆ. ಪರ್ಯೂಷಣ, ದಶಲಕ್ಷಣ ಪರ್ವಗಳು ಬಂದಾಗ ಎಳೆಯ ಮಕ್ಕಳ ದೀರ್ಘ ಉಪವಾಸದ ವಿಡಿಯೊಗಳು ಹಾರ, ಶಾಲು, ಮೆರವಣಿಗೆಗಳೊಡನೆ ಹರಿದಾಡುತ್ತವೆ. ಹಂಚುವವರ ಭಕ್ತಿ ನಿಜವೇ ಇರಬಹುದು. ನೋಡುವ ಇನ್ನೊಂದು ಮಗು ಮಾತ್ರ ಅದರಲ್ಲಿ ತಪಸ್ಸನ್ನಲ್ಲ, ಹಾರವನ್ನು ನೋಡುತ್ತದೆ. ತಾನು ಇನ್ನೂ ಎರಡು ದಿನ ಹೆಚ್ಚು ಮಾಡಬೇಕೆನ್ನುತ್ತದೆ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಿಲ್ಲ. ಪ್ರವಚನದ ಒಂದು ಗಂಟೆಯನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ, ‘ಸ್ಯಾತ್’ ಎಂಬ ಅಪೇಕ್ಷೆಯನ್ನು ಹೊರಗಿಟ್ಟು, ಏಕಾಂತವಾದದಂತೆ ಹಂಚುವುದೂ ಇದೇ ಸಾಲಿಗೆ ಸೇರಬೇಕು.

ತಪ್ಪಾದ ಮೇಲೆ ಏನು? ಪ್ರಭಾವಿಗಳ ಲೋಕದಲ್ಲಿ ಅದಕ್ಕೊಂದು ಸಿದ್ಧ ರೂಪವಿದೆ: ಕ್ಷಮಾಪಣೆಯ ವಿಡಿಯೊ. ಮುಖದಲ್ಲಿ ಬಣ್ಣವಿಲ್ಲ, ದನಿಯಲ್ಲಿ ನಡುಕ, ಕೊನೆಗೆ ‘ಯಾರಿಗಾದರೂ ನೋವಾಗಿದ್ದರೆ’ ಎಂಬ ಮಾತು. ಗುರುವಿನ ಮುಂದೆ ದೋಷವನ್ನು ಬಿಚ್ಚಿಡುವ ಆಲೋಚನೆಗೆ ಬರುವ ಹತ್ತು ದೋಷಗಳನ್ನು ಭಗವತೀ ಆರಾಧನೆಯಂಥ ಗ್ರಂಥಗಳು ವಿವರಿಸಿವೆ. ದಯೆ ಹುಟ್ಟುವಂತೆ ಮಾಡಿ ಪ್ರಾಯಶ್ಚಿತ್ತವನ್ನು ಹಗುರಗೊಳಿಸಿಕೊಳ್ಳುವುದು ಆಕಂಪಿತ. ಇತರರು ಕಂಡುಹಿಡಿದದ್ದನ್ನು ಮಾತ್ರ ಒಪ್ಪಿಕೊಂಡು ಕಾಣದ್ದನ್ನು ಮುಚ್ಚಿಡುವುದು ದೃಷ್ಟ. ಗದ್ದಲದ ನಡುವೆ, ಸರಿಯಾಗಿ ಕೇಳಿಸದಂತೆ ಹೇಳಿಬಿಡುವುದು ಶಬ್ದಾಕುಲ.

ಈ ದೋಷಗಳಿಲ್ಲದ ಒಪ್ಪಿಗೆ ಹೇಗಿದ್ದೀತು? ಮೊದಲ ವಿಡಿಯೊ ಎಷ್ಟು ಮಂದಿಯನ್ನು ತಲುಪಿತೋ ತಿದ್ದುಪಡಿಯೂ ಅಷ್ಟೇ ಮಂದಿಯನ್ನು ತಲುಪುವಂತೆ, ಅದೇ ಭಾಷೆಯಲ್ಲಿ, ಅದೇ ಹೊತ್ತಿನಲ್ಲಿ ಹೇಳಬೇಕಾಗುತ್ತದೆ. ಆ ಪ್ರಚಾರಕ್ಕೆ ಬಂದ ಹಣ ಎಷ್ಟೆಂಬುದನ್ನೂ ಹೇಳಿ ಕೈಬಿಡಬೇಕಾಗುತ್ತದೆ. ಹಿಂಬಾಲಕರು ಕೆಲವರು ಬಿಟ್ಟು ಹೋಗುತ್ತಾರೆ. ಸಿಂಹಾಸನ ಒಂದಿಷ್ಟು ಕೆಳಗಿಳಿಯುತ್ತದೆ. ವಸುವಿಗೂ ಸಭೆಯಲ್ಲಿ ಆ ಅವಕಾಶವಿತ್ತು. ಎರಡನೆಯ ಸಲ ಯೋಚಿಸಿ ಹೇಳು ಎಂದು ನಾರದನ ಪಕ್ಷದವರು ಬೇಡಿಕೊಂಡರೆಂದು ಕಥೆ ಹೇಳುವ ಹಿರಿಯರು ಸೇರಿಸುವುದುಂಟು.